ದೀಪ ನುಂಗುವ ಹಗೇವು

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹುಣಸೆಮರ, ಬಿಳಿ ಸೀರೆ, ಗೆಜ್ಜೆ ಸದ್ದು, ಹಿಂದಕ್ಕೆ ತಿರುಗಿದ ಪಾದ. ಹತ್ತು ಜನ ಹೇಳಿದರೂ ಅದೇ ಸಾಮಾನು. ನಾನು ಕಂಡದ್ದಕ್ಕೆ ಪಾದವೇ ಇರಲಿಲ್ಲ. ಬಾಯಿ ಇತ್ತು, ಕೊರಳಿತ್ತು, ಹೊಟ್ಟೆ ಇತ್ತು, ಉಸಿರೂ ಇತ್ತು. ಅದು ಇದ್ದದ್ದು ನಮ್ಮ ಸೋದರತ್ತೆಯ ಮನೆಯ ಅಂಗಳದಲ್ಲಿ. ನಮ್ಮ ಅಕ್ಕನನ್ನು ಅದು ನುಂಗಿದ್ದು ಹಾಡುಹಗಲಲ್ಲಿ.

ಅತ್ತೆಯ ಊರು ಹಡಗಲಿಯಿಂದ ಹೊಳಲಿನ ಕಡೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ. ನಾವು ಕೊಟ್ಟೂರಿನವರು. ಅಪ್ಪನದು ಸಣ್ಣ ಕಿರಾಣಿ ಅಂಗಡಿ, ಹಾಗಾಗಿ ನಮ್ಮ ಕಣ್ಣಿಗೆ ಜೋಳ ಅಂದರೆ ಚೀಲದಲ್ಲಿ ಬಂದು ತಕ್ಕಡಿಯಲ್ಲಿ ಕೂರುವ ವಸ್ತು. ತೊಂಬತ್ತರ ದಶಕದ ಒಂದು ದಸರಾ ರಜೆಗೆ ಅಕ್ಕನನ್ನೂ ನನ್ನನ್ನೂ ಅಪ್ಪ ಅತ್ತೆಯ ಮನೆಗೆ ಬಿಟ್ಟು ಹೋದ. ಅಕ್ಕ ಏಳನೇ ಕ್ಲಾಸು, ನಾನು ನಾಲ್ಕನೇದು. ಅತ್ತೆಗೆ ಒಬ್ಬನೇ ಮಗ, ಅಕ್ಕನಿಗಿಂತ ಒಂದು ವರ್ಷ ದೊಡ್ಡವನು. ಓಣಿಯ ಹೆಂಗಸರು ಅಕ್ಕನನ್ನು ನೋಡಿದಾಗಲೆಲ್ಲ 'ಸೊಸಿ ಬಂದಾಳ, ಇನ್ನ ಅತ್ತೀಗೆ ಕೆಲಸ ಇಲ್ಲ' ಎಂದು ಕಾಡುವರು. ಅಕ್ಕ ಮುಖ ಊದಿಸಿಕೊಳ್ಳುವಳು, ಆ ಹುಡುಗ ಅಲ್ಲಿಂದ ಓಟ ಕೀಳುವನು.

ಅತ್ತೆ ಕೈ ಬಿಗಿಯ ಹೆಂಗಸು, ಮಾತೂ ಬಿಗಿ. ಮುದ್ದು ಮಾಡುವುದು ಆಕೆಗೆ ಬರುತ್ತಿರಲಿಲ್ಲ. ಊಟಕ್ಕೆ ಕರೆಯುವುದೂ ಬೈದ ಹಾಗೇ ಇರುತ್ತಿತ್ತು. ಆದರೆ ರೊಟ್ಟಿಯ ಮೇಲೆ ಬೆಣ್ಣೆ ಹಾಕುವಾಗ ನಮಗೂ ತನ್ನ ಮಗನಿಗೂ ಒಂದೇ ಅಳತೆ ಎಂಬುದನ್ನು ನಾನು ಕಣ್ಣಿಟ್ಟು ನೋಡಿದ್ದೆ. ಒಂದು ತಾಯಿಸತ್ತ ಕುರಿಮರಿ ಮನೆಯಲ್ಲಿತ್ತು. ಹೋದ ದಿನವೇ ಅತ್ತೆ ಅದನ್ನು ಅಕ್ಕನ ಮಡಿಲಿಗೆ ಹಾಕಿ 'ಇದನ್ನ ನೀ ನೋಡ್ಕ' ಎಂದಳು. ಅಕ್ಕ ಬಟ್ಟೆಯ ಚೂರನ್ನು ಹಾಲಿನಲ್ಲಿ ಅದ್ದಿ ಚೀಪಿಸುತ್ತಿದ್ದಳು. ಎರಡೇ ದಿನಕ್ಕೆ ಅದು ಅವಳ ಲಂಗದ ಅಂಚು ಬಿಡದ ಹಾಗಾಯಿತು.

ಹಗೇವು ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಕಿಂಡಿ, ಒಳಗೆ ಹೋದಂತೆ ಗಡಿಗೆಯ ಹಾಗೆ ಅಗಲ. ಸುತ್ತ ಹುಲ್ಲು ಹೊದಿಸಿ, ಕಾಳು ಸುರಿದು, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷ ಎರಡು ವರ್ಷ ಹುಳ ಹತ್ತುವುದಿಲ್ಲ. ಬೇಕಾದಾಗ ತೆಗೆದು, ಒಬ್ಬರು ಇಳಿದು, ಬುಟ್ಟಿ ತುಂಬಿ ಮೇಲೆ ಕಳಿಸುತ್ತಾರೆ. ಇಷ್ಟೇ ಆಗಿದ್ದರೆ ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಹೆದರಿಸಿದ್ದು ಅಲ್ಲಿನ ಜನ ಅದರ ಬಗ್ಗೆ ಮಾತಾಡುತ್ತಿದ್ದ ರೀತಿ.

'ಹೋದ ವರ್ಷದಿಂದ ಬಾಯಿ ತಗದಿಲ್ಲ,' ಎಂದ ಮಾವ, ಸಂಜೆ ಕಟ್ಟೆಯ ಮೇಲೆ ಕೂತು. 'ನಾಳಿ ತಗೀಬೇಕು.'

'ಹೊಟ್ಟಿ ಎಷ್ಟು ತುಂಬೈತಿ?' ಎಂದು ಪಕ್ಕದ ಮನೆಯವನು ಕೇಳಿದ.

'ಅರ್ಧ ಇರಬೇಕು. ಕೊರಳು ಮಾತ್ರ ಭಾಳ ಸಣ್ಣದು ಮಾರಾಯ. ಅದರ ಉಸುರೂ ಚಲೋ ಇಲ್ಲ. ಹುಷಾರಲೇ ಇರಬೇಕು.'

ಕೊಟ್ಟೂರಿನ ಪೇಟೆಯಿಂದ ಬಂದ ಇಬ್ಬರು ಹುಡುಗಿಯರು ಇದನ್ನು ಕೇಳಿದರೆ ಏನು ತಿಳಿದುಕೊಳ್ಳಬೇಕು? ಯಾರೂ ನಮಗೆ ಭೂತದ ಕತೆ ಹೇಳಲಿಲ್ಲ. ಬಾಯಿ, ಕೊರಳು, ಹೊಟ್ಟೆ, ಉಸಿರು ಎಂದು ಒಂದೊಂದೇ ಅಂಗವನ್ನು ದೊಡ್ಡವರೇ ತಂದು ನಮ್ಮ ಮುಂದಿಟ್ಟರು. ಜೋಡಿಸಿಕೊಂಡವರು ನಾವು. ಉಳಿದದ್ದನ್ನು ಅತ್ತೆಯ ಮಗ ತುಂಬಿಸಿದ. ಅವರ ಊರಲ್ಲಿ ಹಿಂದೆ ಯಾರದೋ ಹಗೇವಿಗೆ ತಮ್ಮ ಇಳಿದನಂತೆ, ಮೇಲೆ ಬರಲಿಲ್ಲ. ನೋಡಲು ಅಣ್ಣ ಇಳಿದ, ಅವನೂ ಬರಲಿಲ್ಲ.

'ಹಗೇವು ಒಂಟಿ ಉಣ್ಣಂಗಿಲ್ಲ,' ಎಂದ ಅವನು. 'ಜೋಡೀಲೆ ಉಣತೈತಿ. ಒಬ್ಬರನ್ನ ನುಂಗಿ ಬಾಯಿ ತಕ್ಕೊಂಡು ಕುಂತಿರತೈತಿ, ಎರಡನೇದವರು ಬರ್ಲಿ ಅಂತ.'

ಒಳಗಿನಿಂದ ಅತ್ತೆ ಇದನ್ನು ಕೇಳಿಸಿಕೊಂಡು ಹೊರಗೆ ಬಂದಳು. ಮಗನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. 'ಖರೇನ ಹೇಳ್ಯಾನ. ನೆನಪಿಟ್ಕೊಳ್ರಿ,' ಎಂದು ಹೇಳಿ ಒಳಗೆ ಹೋದಳು. ಮಕ್ಕಳನ್ನು ಹೆದರಿಸುವವರು ನಗುತ್ತಾ ಹೆದರಿಸುತ್ತಾರೆ. ಅವಳ ಮುಖದಲ್ಲಿ ನಗು ಇರಲಿಲ್ಲ.

ಮರುದಿನ ಬೆಳಗ್ಗೆ ಮಾವ ಮಣ್ಣು ಕೆದರಿ ಚಪ್ಪಡಿ ಸರಿಸಿದ. ಹುಳಿ ಹಿಡಿದ ಹಿಟ್ಟಿನಂಥ, ಬೆಚ್ಚಗಿನ ವಾಸನೆ ಎದ್ದು ಬಂತು. ನಮ್ಮನ್ನು ದೂರ ನಿಲ್ಲಿಸಿ ಮಾವ ಸೀಮೆಎಣ್ಣೆಯ ಚಿಮಣಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಕಿಂಡಿಯನ್ನು ದಾಟಿ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ದೀಪ ಸಣ್ಣಗಾಯಿತು, ಆಮೇಲೆ ಆರಿತು. ಗಾಳಿ ಇರಲಿಲ್ಲ. ಯಾರೂ ಊದಲಿಲ್ಲ. ಮಾವ ಅದನ್ನು ಮೇಲೆಳೆದುಕೊಂಡು ಮತ್ತೆ ಹಚ್ಚಿ ಮತ್ತೆ ಇಳಿಬಿಟ್ಟ. ಅದೇ ಜಾಗಕ್ಕೆ ಹೋದಾಗ ಮತ್ತೆ ಆರಿತು.

'ನುಂಗಾಕತ್ತೈತಿ,' ಎಂದಳು ಅತ್ತೆ.

ಮಾವ ಬೇವಿನ ತೊಪ್ಪಲಿನ ದೊಡ್ಡ ಕಟ್ಟು ಮಾಡಿ ಹಗ್ಗಕ್ಕೆ ಬಿಗಿದು, ಒಳಗೆ ಬಿಡುವುದು ಮೇಲೆ ಜಗ್ಗುವುದು, ಬಿಡುವುದು ಜಗ್ಗುವುದು, ಹೀಗೆ ತುಂಬಾ ಹೊತ್ತು ಮಾಡಿದ. ದೆವ್ವ ಬಡಿದವರಿಗೆ ಬೇವಿನ ತೊಪ್ಪಲಿನಲ್ಲಿ ಹೊಡೆಯುವುದನ್ನು ನಾವು ಕೊಟ್ಟೂರಿನಲ್ಲೂ ನೋಡಿದ್ದೆವು. ಆದ್ದರಿಂದ ನಮಗೆ ಯಾವ ಅನುಮಾನವೂ ಉಳಿಯಲಿಲ್ಲ. ಮೂರನೇ ಸಲವೂ ದೀಪ ಆರಿದ ಮೇಲೆ ಮಾವ ಕೈ ಬಿಟ್ಟ. 'ಸಂಜಿತನಕ ಬಾಯಿ ತಕ್ಕೊಂಡು ಬಿದ್ದಿರಲಿ, ಆಮ್ಯಾಲೆ ನೋಡೋಣು' ಎಂದು ಚಪ್ಪಡಿಯನ್ನು ಅರ್ಧ ಸರಿಸಿ, ಸುತ್ತ ಜಾಲಿಮುಳ್ಳು ಎಳೆದು, ಖಾಲಿ ಚೀಲ ತರಲು ಹಡಗಲಿಗೆ ಹೋದ. ಬೇವಿನ ಕಟ್ಟನ್ನು ಕಿಂಡಿಯ ಪಕ್ಕದಲ್ಲೇ ಬಿಟ್ಟ.

ಮಧ್ಯಾಹ್ನದ ಬಿಸಿಲು. ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾವು ಮೂವರೂ ಕಟ್ಟೆಯ ಮೇಲೆ ಹುಣಸೆಬೀಜ ಉಜ್ಜುತ್ತಾ ಕೂತಿದ್ದೆವು. ಮುಳ್ಳಿನ ಸಂದಿಯಲ್ಲಿ ನುಸುಳಿ ಕುರಿಮರಿ ಆ ಬೇವಿನ ಎಲೆಗೆ ಬಾಯಿ ಹಾಕಿದ್ದನ್ನು ಅಕ್ಕ ನೋಡಿದಳು. ಅವಳು ಎದ್ದು ನಿಲ್ಲುವಷ್ಟರಲ್ಲಿ ಅದರ ಹಿಂಗಾಲು ಜಾರಿತು. ಒಳಗಿನಿಂದ ಅದು ಒಂದು ಸಲ ಅರಚಿತು. ಇನ್ನೊಂದು ಸಲ ಅರಚಿದ್ದು ಅರ್ಧಕ್ಕೇ ನಿಂತಿತು. ಆ ಅರ್ಧ ಕೂಗು ನನಗೆ ಇವತ್ತಿಗೂ ಹಾಗೇ ಕೇಳುತ್ತದೆ.

ಮೂವರೂ ಮುಳ್ಳು ಎಳೆದು, ಚಪ್ಪಡಿಯನ್ನು ಪೂರ್ತಿ ಸರಿಸಿ ಬಗ್ಗಿ ನೋಡಿದೆವು. ಕಪ್ಪು ಬಿಟ್ಟರೆ ಬೇರೇನೂ ಕಾಣಲಿಲ್ಲ. 'ಅತ್ತಿನ್ನ ಕರೀತೀನಿ' ಎಂದೆ. ಅಕ್ಕ ನನ್ನ ಕೈ ಹಿಡಿದು ಎಳೆದಳು. ಮರಿ ಅವಳ ಪಾಲಿಗೆ ಬಿಟ್ಟದ್ದು. ಬೀಳಿಸಿದ್ದಕ್ಕೆ ಬೈಗುಳ ತಿನ್ನುವ ಮೊದಲು ಮೇಲೆ ತರಬೇಕೆಂದು ಅವಳ ಲೆಕ್ಕಾಚಾರ. ಅವಳು ನಮ್ಮ ಮನೆಯ ಬುದ್ಧಿವಂತೆ, ಕ್ಲಾಸಿಗೆ ಮೊದಲನೆಯವಳು.

'ದೀಪ ಆದ್ರ ಊದಿ ಆರಸತೈತಿ,' ಎಂದಳು. 'ಬ್ಯಾಟ್ರಿ ಹೆಂಗ ಊದತೈತಿ?'

ಅತ್ತೆಯ ಮಗನಿಗೆ ಈ ಮಾತು ಬಹಳ ಹಿಡಿಸಿತು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಮಾವ ಒಯ್ಯುತ್ತಿದ್ದ ಉದ್ದನೆಯ ಬ್ಯಾಟರಿಯನ್ನು ಅವನು ಗೂಟದಿಂದ ಇಳಿಸಿ ತಂದ. ಹೊತ್ತಿಸಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ದೀಪ ಆರಿದ ಜಾಗ ಬಂತು, ದಾಟಿತು. ಬೆಳಕು ಕದಲಲಿಲ್ಲ. ಇನ್ನೂ ಕೆಳಗೆ ಹೋಗಿ ಜೋಳದ ಮೇಲೆ ಕೂತಿತು, ಆಗಲೂ ಹೊಳೆಯುತ್ತಲೇ ಇತ್ತು. ಅದರ ಬೆಳಕಿನಲ್ಲಿ ಕುರಿಮರಿ ಕಂಡಿತು. ಕಾಲು ಮಡಚಿ, ಕತ್ತು ಚಾಚಿ, ಮಲಗಿದ ಹಾಗೆ.

'ಸೋತೈತಿ ನೋಡು ಹಗೇವು,' ಎಂದ ಅವನು.

ಮಾವ ದೀಪ ಇಳಿಸಿದ್ದು ಬೆಳಕಿಗೋಸ್ಕರ ಅಲ್ಲ ಎಂದು ನಮಗೆ ಯಾರೂ ಹೇಳಿರಲಿಲ್ಲ. ಮುಚ್ಚಿಟ್ಟ ಕಾಳು ಒಳಗಿನ ಗಾಳಿಯನ್ನು ಕೆಡಿಸುತ್ತದೆ. ಕೆಟ್ಟ ಗಾಳಿ ಭಾರ, ಹೊರಗೆ ಬಾರದೆ ತಳದಲ್ಲೇ ಕೂರುತ್ತದೆ. ದೀಪಕ್ಕೆ ಬೇಕಾದದ್ದೇ ಮನುಷ್ಯನಿಗೂ ಬೇಕು. ದೀಪ ಬದುಕಿದರೆ ಮನುಷ್ಯ ಬದುಕುತ್ತಾನೆ, ಅದಕ್ಕೇ ಮೊದಲು ಅದನ್ನು ಕಳಿಸುವುದು. ಬ್ಯಾಟರಿಗೆ ಉಸಿರೇ ಬೇಡ. ಇದು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಅವತ್ತು ನಮಗೆ ತಿಳಿದಿದ್ದು ಇಷ್ಟೇ: ಅದಕ್ಕೆ ನುಂಗಲಾಗದ ದೀಪ ನಮ್ಮ ಹತ್ತಿರ ಇದೆ.

ಅಕ್ಕ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಗ್ಗದ ತುದಿಯನ್ನು ಅತ್ತೆಯ ಮಗ ದನ ಕಟ್ಟುವ ಗೂಟಕ್ಕೆ ಬಿಗಿದ. ಹಗ್ಗ ಹಿಡಿದು, ಕಿಂಡಿಯ ಕಲ್ಲಿನ ಸಂದಿಗೆ ಕಾಲು ಕೊಟ್ಟು ಅವಳು ಇಳಿದಳು. ಅರ್ಧ ಹೊಟ್ಟೆ ಜೋಳವಿದ್ದುದರಿಂದ ಬಹಳ ಆಳವಿರಲಿಲ್ಲ. ಜೋಳದಲ್ಲಿ ಕಾಲು ಹೂತು ನಿಂತಳು. ತಲೆ ಎತ್ತಿ ನಮ್ಮನ್ನು ನೋಡಿದಳು. 'ಎದಿ ಬಡಕೊಳ್ಳಾಕತ್ತೈತಿ' ಎಂದಳು, ನಗುತ್ತಲೇ ಹೇಳಿದಳು. ಆಮೇಲೆ ಮರಿಯನ್ನು ಎತ್ತಿಕೊಳ್ಳಲು ಬಗ್ಗಿದಳು.

ಬಗ್ಗಿದವಳು ಏಳಲಿಲ್ಲ. ಬಿದ್ದ ಸದ್ದೂ ಆಗಲಿಲ್ಲ, ಜೋಳ ಸರಸರ ಎಂದು ಸರಿದದ್ದು ಅಷ್ಟೇ ಕೇಳಿತು. ಮರಿಯ ಪಕ್ಕ ಅವಳೂ ಹಾಗೇ ಒರಗಿದಳು. ಬ್ಯಾಟರಿ ಇಬ್ಬರ ಮೇಲೂ ಬೆಳಕು ಚೆಲ್ಲುತ್ತಾ ಉರಿಯುತ್ತಿತ್ತು. ಅತ್ತೆಯ ಮಗ ಅವಳ ಹೆಸರು ಹಿಡಿದು ಕೂಗಿದ, ಅಳುತ್ತಾ ಹಗ್ಗಕ್ಕೆ ಕೈ ಹಾಕಿದ. ಒಂದು ಕಾಲನ್ನು ಒಳಗಿಟ್ಟೇಬಿಟ್ಟ.

ಆ ಕೂಗಿಗೆ ಅತ್ತೆ ಹಿತ್ತಲಿನಿಂದ ಬಂದಳು, ಒದ್ದೆ ಸೀರೆಯಲ್ಲೇ. ಏನಾಯಿತೆಂದು ಕೇಳಲಿಲ್ಲ. ಒಂದು ಸಲ ಕಿಂಡಿಯೊಳಗೆ ನೋಡಿದಳು, ಮಗನ ಕೂದಲು ಹಿಡಿದು ಹೊರಗೆಳೆದು ನೆಲಕ್ಕೆ ಕೆಡವಿದಳು. ಅವನು ಬಿಡಿಸಿಕೊಂಡು ಮತ್ತೆ ಕಿಂಡಿಗೆ ಹೋದ. ಆಗ ಅವನ ಬೆನ್ನ ಮೇಲೆ ಮೊಣಕಾಲು ಊರಿ, ಎತ್ತಿನ ಕಣ್ಣಿಹಗ್ಗ ಎಳೆದುಕೊಂಡು ಅವನ ಎರಡೂ ಕೈಗಳನ್ನು ಗೂಟಕ್ಕೆ ಕಟ್ಟತೊಡಗಿದಳು.

'ಬಿಡಬೇ, ಸಾಯ್ತಾಳ ಆಕಿ,' ಎಂದು ಅವನು ಒದ್ದಾಡುತ್ತಿದ್ದ.

'ಒಳಗ ಒಬ್ಬಾಕಿ ಅದಾಳ,' ಎಂದಳು ಅತ್ತೆ. 'ಇಬ್ಬರನ್ನ ಮಾಡಬ್ಯಾಡ.'

ಆ ದನಿಯಲ್ಲಿ ನಡುಕವಿರಲಿಲ್ಲ. ನನ್ನ ಕಡೆ ತಿರುಗಿ, 'ಹಿಂದಿನ ಓಣ್ಯಾಗ ಮೂಲಿಮನಿ ಅಜ್ಜಿ ಹತ್ರ ಪಾತಾಳಗರಡಿ ಐತಿ. ಇಸ್ಕೊಂಡು ಬಾ. ಓಡು' ಎಂದಳು. ಓಡುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ತನ್ನ ಮಗನನ್ನು ಭದ್ರ ಮಾಡಿಕೊಂಡಳು, ನಮ್ಮ ಅಕ್ಕನನ್ನು ಬಿಟ್ಟಳು. ಆ ಕ್ಷಣ ಅತ್ತೆಯ ಮೇಲೆ ಹುಟ್ಟಿದ ದ್ವೇಷದಷ್ಟು ದ್ವೇಷ ಆಮೇಲೆ ಯಾರ ಮೇಲೂ ನನಗೆ ಹುಟ್ಟಿಲ್ಲ.

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡ ತೆಗೆಯುವ ಕಬ್ಬಿಣದ ಕೊಂಡಿಗಳ ಗೊಂಚಲು. ಊರಿಗೆ ಒಂದೋ ಎರಡೋ ಇರುತ್ತಿದ್ದವು. ಕೇಳಲು ಹೋದವರು ಒಂದು ಪಾತ್ರೆಯನ್ನು ಆ ಮನೆಯಲ್ಲಿಟ್ಟು ಒಯ್ಯಬೇಕು, ಗರಡಿ ತಿರುಗಿ ಕೊಟ್ಟಾಗ ಪಾತ್ರೆ ತರಬೇಕು. ಅದು ರೂಢಿ. ಅಜ್ಜಿ ಬಾಗಿಲಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಕೇಳಿದಾಗ ನನ್ನ ಬರಿಗೈ ನೋಡಿದಳು.

'ಏನು ಇಟ್ಟು ಹೋಗ್ತೀಯವ್ವ?'

ನಾನು ಗೂಟಕ್ಕಿದ್ದ ಗರಡಿಯತ್ತ ಕೈ ಚಾಚಿದೆ.

'ಯಾವ ಕೊಡ ಬಿತ್ತು? ತಾಮ್ರದ್ದೋ, ಹಿತ್ತಾಳಿದ್ದೋ?'

'ಅಕ್ಕ,' ಎಂದೆ. 'ಹಗೇವಿನ್ಯಾಗ ನಮ್ಮ ಅಕ್ಕ ಬಿದ್ದಾಳ.'

ಮೊರದಲ್ಲಿದ್ದ ಬೇಳೆ ನೆಲಕ್ಕೆ ಚೆಲ್ಲಿತು. ಮುದುಕಿ ಗರಡಿಯನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಣಿಗೆಲ್ಲ ಕೇಳುವ ಹಾಗೆ ಜನರನ್ನು ಕೂಗುತ್ತಾ ನನಗಿಂತ ಮುಂದೆ ಓಡಿದಳು.

ನಾವು ಬಂದಾಗ ಅತ್ತೆಯ ಮಗ ಗೂಟಕ್ಕೆ ಕಟ್ಟಿಸಿಕೊಂಡು, ಮಣ್ಣಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದ. ಅತ್ತೆ ದಪ್ಪ ಕುರಿಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಬಿಡುತ್ತಿದ್ದಳು, ಜಗ್ಗುತ್ತಿದ್ದಳು, ಬಿಡುತ್ತಿದ್ದಳು, ಜಗ್ಗುತ್ತಿದ್ದಳು. ಬೆಳಗ್ಗೆ ಮಾವ ಬೇವಿನ ಕಟ್ಟಿನಲ್ಲಿ ಮಾಡಿದ್ದನ್ನೇ ಅವಳು ಈಗ ಮೈಮೇಲೆ ದೇವರು ಬಂದವರ ಹಾಗೆ ಮಾಡುತ್ತಿದ್ದಳು. ಕಂಬಳಿ ಮೇಲೆ ಬಂದಾಗಲೆಲ್ಲ ಆ ಹುಳಿ ವಾಸನೆ ಹೊರಗೆ ಚೆಲ್ಲುತ್ತಿತ್ತು. ನಮ್ಮ ಅಕ್ಕ ಒಳಗೆ ಸಾಯುತ್ತಿದ್ದಾಳೆ, ಇವಳು ದೆವ್ವಕ್ಕೆ ಚಾಮರ ಬೀಸುತ್ತಿದ್ದಾಳೆ ಎಂದು ನಾನು ಅವಳ ಸೀರೆ ಹಿಡಿದು ಎಳೆದೆ. ಅತ್ತೆ ಮೊಣಕೈಯಿಂದ ನನ್ನನ್ನು ಆಚೆ ನೂಕಿದಳು. ಕೆಟ್ಟ ಗಾಳಿಯನ್ನು ಎತ್ತಿ ಹೊರಗೆ ಹಾಕಲು ಬೇರೆ ದಾರಿ ಇಲ್ಲವೆಂದು ಆ ವಯಸ್ಸಿಗೆ ನನಗೆ ಹೇಗೆ ತಿಳಿಯಬೇಕು.

ಓಡಿಬಂದ ಗಂಡಸರಲ್ಲಿ ಒಬ್ಬ ಪಂಚೆ ಎತ್ತಿ ಕಟ್ಟಿ ಇಳಿಯಲು ಹೋದ. ಅತ್ತೆ ಕಿಂಡಿಗೆ ಅಡ್ಡ ನಿಂತಳು. 'ನನ್ನ ದಾಟಿ ಇಳೀರಿ ನೋಡೋಣು' ಎಂದಳು. ಅವನು ನಿಂತ. ಅಜ್ಜಿ ಗರಡಿಯನ್ನು ಹಗ್ಗಕ್ಕೆ ಬಿಗಿದು ಕೊಟ್ಟಳು. ಅತ್ತೆ ನೆಲದ ಮೇಲೆ ಬೋರಲು ಮಲಗಿ, ಬಾವಿಯಲ್ಲಿ ಕೊಡದ ಕಂಠ ಹುಡುಕುವ ಹಾಗೆ ಗರಡಿಯನ್ನು ಆಡಿಸತೊಡಗಿದಳು. ಮೊದಲ ಸಲ ಬರೀ ಹುಲ್ಲು ಬಂತು. ಎರಡನೇ ಸಲ ಲಂಗಕ್ಕೆ ಸಿಕ್ಕಿ, ಜಗ್ಗಿದರೆ ಹರಿದು ಬಂತು. ಮೂರನೇ ಸಲ ಸಿಕ್ಕಿತು, ಗಟ್ಟಿಯಾಗಿ ಸಿಕ್ಕಿತು. ಎಲ್ಲಿ ಸಿಕ್ಕಿದೆ ಎಂದು ಬ್ಯಾಟರಿಯ ಬೆಳಕಿನಲ್ಲಿ ಅವಳಿಗೆ ಕಂಡಿರಲೇಬೇಕು. 'ಜಗ್ಗಿರಿ' ಎಂದಳು.

ಗಂಡಸರು ಜಗ್ಗಿದರು. ಅಕ್ಕ ಕತ್ತು ಜೋತು ಮೇಲೆ ಬಂದಳು. ತುಟಿ ನೇರಳೆಹಣ್ಣಿನ ಬಣ್ಣ. ಒಂದು ಕೊಂಡಿ ಲಂಗದ ಪಟ್ಟಿಯಲ್ಲಿ, ಎರಡು ಕೊಂಡಿ ಬೆನ್ನಿನ ಮಾಂಸದಲ್ಲಿ ನೆಟ್ಟಿದ್ದವು. ಅತ್ತೆ ಅವಳನ್ನು ಬಿಸಿಲಿಗೆ ಎಳೆದು ಕೆನ್ನೆಗೆ ಹೊಡೆದಳು, ಎದೆ ತಿಕ್ಕಿದಳು, ಬಾಯಿಗೆ ಬಾಯಿಟ್ಟು ಊದಿದಳು, ಮತ್ತೆ ಹೊಡೆದಳು. ಯಾರೋ 'ಹೋಗ್ಯಾಳ ಬಿಡವ್ವ' ಎಂದರು. ಅತ್ತೆ ಬಿಡಲಿಲ್ಲ. ಕೊನೆಗೆ ಅಕ್ಕನ ಗಂಟಲಿನಲ್ಲಿ ಗೊರಗೊರ ಎಂದಿತು. ಅವಳು ವಾಂತಿ ಮಾಡಿಕೊಂಡು, ಉಸಿರೆಳೆದು, ನೋವಿಗೆ ಕಿರುಚಿದಳು. ಅತ್ತೆ ಎದ್ದು ಹೋಗಿ ಮಗನ ಕಟ್ಟು ಬಿಚ್ಚಿದಳು.

ಹಡಗಲಿಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ರಾತ್ರಿ ಮನೆಗೆ ಕಳಿಸಿದರು. ಸುದ್ದಿ ಮುಟ್ಟಿ ಅಪ್ಪ, ಅವ್ವ ಕೊಟ್ಟೂರಿನಿಂದ ಮರುದಿನ ಬೆಳಗ್ಗೆ ಬಂದರು. ಅಷ್ಟರಲ್ಲಿ ಅವ್ವನಿಗೆ ದಾರಿಯಲ್ಲಿ ಯಾರೋ ಎಲ್ಲವನ್ನೂ ಹೇಳಿದ್ದರು: ಸ್ವಂತ ಮಗನನ್ನು ಕಟ್ಟಿಹಾಕಿ, ಇಳಿಯಲು ಹೋದ ಗಂಡಸನ್ನೂ ತಡೆದು, ಕೊಡ ಎತ್ತುವ ಕಬ್ಬಿಣದಿಂದ ಹುಡುಗಿಯನ್ನು ಎಳೆದರಂತೆ. ಅಕ್ಕ ಪಡಸಾಲೆಯಲ್ಲಿ ಬೋರಲು ಮಲಗಿದ್ದಳು. ಅವ್ವ ಬಟ್ಟೆ ಸರಿಸಿ ಬೆನ್ನು ನೋಡಿದಳು. ಮುಖ ಕೆಂಪಾಯಿತು. ಅಪ್ಪ ತೋಳು ಹಿಡಿದರೂ ಕೇಳಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದಳು, ಹಗ್ಗ ಉಜ್ಜಿ ಅಂಗೈ ಎರಡೂ ಸುಲಿದಿದ್ದವು.

'ನಿಮ್ಮ ಮಗ ಆಗಿದ್ರ,' ಎಂದಳು ಅವ್ವ, 'ಹಿಂಗ ಕೊಂಡಿ ಚುಚ್ಚಿ ಎಳೀತಿದ್ರೇನು, ಯಕ್ಕಾ?'

ಅತ್ತೆ ಏನಾದರೂ ಸಮಜಾಯಿಷಿ ಹೇಳುತ್ತಾಳೆ, ಇಲ್ಲವೇ ತಿರುಗಿ ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಅವ್ವನ ಮುಖವನ್ನೇ ನೋಡುತ್ತಾ, ರೊಟ್ಟಿಗೆ ಕರೆಯುವ ದನಿಯಲ್ಲೇ ಹೇಳಿದಳು:

'ಇಲ್ಲವ್ವ. ನನ್ನ ಮಗ ಆಗಿದ್ರ ನಾನ ಇಳೀತಿದ್ದೆ. ಇಬ್ಬರೂ ಅಲ್ಲೇ ಉಳೀತಿದ್ವಿ. ಈಕಿ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲ, ಅದಕ್ಕ ನನ್ನ ಕಾಲು ಮ್ಯಾಲ ನಿಂತ್ವು.'

ಅವ್ವ ಅಕ್ಕನ ಬೆನ್ನಿನ ಮೇಲೆ ಬಟ್ಟೆ ಹೊದಿಸಿದಳು, ಮತ್ತೆ ಸರಿಸಿ ನೋಡಿದಳು, ಮತ್ತೆ ಹೊದಿಸಿದಳು. ಆಮೇಲೆ ಅತ್ತೆಯ ಕಾಲ ಹತ್ತಿರ ನೆಲಕ್ಕೆ ಕೂತು, ಅಪ್ಪನಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು. ಪಕ್ಕದಲ್ಲಿದ್ದ ನನಗೆ ಕೇಳಿತು.

'ನಾ ಇಲ್ಲಿ ಇರಲಿಲ್ಲ, ಚಲೋ ಆತು.'